ಒಂಬತ್ತನೇ ನಂಬರಿನ ಕೊಳೆಯಾಗದ ಜರ್ಸಿ

— ಸಹಿ ಹಾಕಿದ್ದೀಯೋ ಇಲ್ವೋ, ಅಷ್ಟು ಹೇಳು ಸಾಕು.

— ಹಾಕಿದ್ರೆ ಏನು ಮಾಡ್ತೀರಿ?

— ಅಂದ್ರೆ ಹಾಕಿದ್ದೀಯ.

— ಹಾಕಿದ್ದೀನಿ ಅಂತ ನಾನು ಹೇಳಿದ್ನಾ? ಹಾಕಿದ್ರೆ ಏನು ಮಾಡ್ತೀರಿ ಅಂತ ಕೇಳಿದೆ, ಅಷ್ಟೆ.

ಮಾಲಿ ಬಾಗಿಲ ಹೊರಗೆ ನಿಂತೇ ಜಗಳವಾಡುತ್ತಿದ್ದ. ಅವನ ಬೂಟಿನ ತುಂಬ ಮಣ್ಣಿತ್ತು. ಬೂಟು ಹಾಕಿಕೊಂಡು ಲಾಂಡ್ರಿ ಕೋಣೆಗೆ ಕಾಲಿಟ್ಟವರನ್ನು ಅವನ ಹೆಂಡತಿ ಒದ್ದೆ ಟವೆಲಿನಲ್ಲಿ ಬಾರಿಸಿ ಹೊರಗಟ್ಟುತ್ತಿದ್ದಳು. ಗಂಡ ಅಂತಲೂ ನೋಡುತ್ತಿರಲಿಲ್ಲ, ಕ್ಲಬ್ಬಿನ ಅಧ್ಯಕ್ಷರು ಅಂತಲೂ ನೋಡುತ್ತಿರಲಿಲ್ಲ.

ಅವನು ಇಪ್ಪತ್ತೆರಡು ವರ್ಷದಿಂದ ಆ ಫುಟ್‌ಬಾಲ್ ಕ್ಲಬ್ಬಿನ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದ. ಅವಳು ಹತ್ತೊಂಬತ್ತು ವರ್ಷದಿಂದ ಆಟಗಾರರ ಬಟ್ಟೆ ಒಗೆಯುತ್ತಿದ್ದಳು. ಆಟಗಾರರೆಲ್ಲ ಅವಳನ್ನು ಜರ್ಸಿಯಕ್ಕ ಅನ್ನುತ್ತಿದ್ದರು. ಲಾಂಡ್ರಿ ಇದ್ದದ್ದು ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗೆ. ಒಂದು ಕಡೆ ನಿಂತರೆ ನೆಟ್ಟಗೆ ನಿಲ್ಲಬಹುದು, ಇನ್ನೊಂದು ಕಡೆ ಹೋದರೆ ತಲೆ ಬಗ್ಗಿಸಬೇಕು, ಅಂಥ ಇಳಿಜಾರು ಸೂರು. ದೊಡ್ಡದೊಂದು ಒಗೆಯುವ ಮೆಷಿನ್, ಎರಡು ತೊಟ್ಟಿ, ಗೋಡೆಯಿಂದ ಗೋಡೆಗೆ ಹಗ್ಗ.

ಜಗಳಕ್ಕೆ ಕಾರಣವಾದ ಕಾಗದ ಕಾಲುಚೀಲಗಳ ರಾಶಿಯ ಕೆಳಗಿಂದ ಅರ್ಧ ಇಣುಕುತ್ತಿತ್ತು. ಅಭಿಮಾನಿಗಳ ಸಂಘದವರು ಅವತ್ತು ಗುರುವಾರ ಬೆಳಿಗ್ಗೆ ಕೊಟ್ಟು ಹೋಗಿದ್ದರು. 'ಹನ್ನೊಂದು ವರ್ಷ ಸಾಕು, ಮ್ಯಾನೇಜರ್ ಬದಲಾಗಲಿ' ಅಂತ ಮೇಲೆ ದಪ್ಪಕ್ಷರ, ಕೆಳಗೆ ಮುನ್ನೂರು ಸಹಿ. ಶನಿವಾರ ಕೊನೆಯ ಪಂದ್ಯ ಮುಗಿದ ಕೂಡಲೆ ಅದು ಅಧ್ಯಕ್ಷರ ಕೈಗೆ ಹೋಗುವುದಿತ್ತು. ಆ ಪಂದ್ಯ ಗೆದ್ದರೆ ಕ್ಲಬ್ಬು ಮೇಲಿನ ಡಿವಿಷನ್‌ಗೆ ಏರುತ್ತದೆ. ಡ್ರಾ ಆದರೆ ಎದುರಿನವರು ಏರುತ್ತಾರೆ, ಇವರಿಗೆ ಎಂದಿನಂತೆ ಮೂರನೇ ಸ್ಥಾನ. ಹತ್ತು ವರ್ಷದಿಂದ ಮೂರನೇ ಸ್ಥಾನವೇ. ಆಫೀಸಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಹತ್ತು ಪ್ರಶಸ್ತಿಪತ್ರಗಳು ಸಾಲಾಗಿದ್ದವು. ಇಸವಿ ಒಂದು ಬಿಟ್ಟರೆ ಅವುಗಳ ಮಧ್ಯೆ ಏನೂ ವ್ಯತ್ಯಾಸವಿರಲಿಲ್ಲ.

ಮಾಲಿಗೆ ಆ ಹತ್ತೂ ಹೆಮ್ಮೆಯ ವಿಷಯ. ಮೂರನೇ ಸ್ಥಾನ ಅಂದರೆ ಸುಮ್ಮನೆ ಅಲ್ಲ, ಎಷ್ಟೋ ಕ್ಲಬ್ಬುಗಳು ಮೇಲೆ ಹೋಗುತ್ತೀವಿ ಅಂತ ಹಾರಿ ಮುಗ್ಗರಿಸಿ ಈಗ ಹೆಸರೂ ಇಲ್ಲದ ಹಾಗೆ ಆಗಿವೆ, ಇಂಥ ಜೋಪಾನದ ಮನುಷ್ಯ ಸಿಕ್ಕಿದ್ದಕ್ಕೆ ನಾವು ಬಚಾವು ಅಂತ ಅವನು ಹೊಸ್ತಿಲಲ್ಲಿ ನಿಂತು ಭಾಷಣವನ್ನೇ ಮಾಡಿದ. ಹೆಂಡತಿ ಪೂರ್ತಿ ಕೇಳಿಸಿಕೊಂಡು ಬುಟ್ಟಿಯಿಂದ ಒಂದೊಂದೇ ಜರ್ಸಿ ತೆಗೆಯತೊಡಗಿದಳು.

— ನೀವು ನೋಡೋದು ಆಟ. ನಾನು ನೋಡೋದು ಕೊಳೆ. ಇದು ಗೋಲ್‌ಕೀಪರನದು. ಕಾಲರಿನೊಳಗೂ ಕೆಸರು. ಇದು ನಾಲ್ಕನೇ ನಂಬರು, ಇದು ಐದು. ಬೆನ್ನಿಗೆ ಮಣ್ಣು, ಹೊಟ್ಟೆಗೆ ಮಣ್ಣು, ತೋಳಿನಲ್ಲಿ ಯಾರದೋ ಹಲ್ಲಿನ ಗುರುತು. ಈಗ ಇದನ್ನ ತಗೊಂಡು ಮೂಸಿ ನೋಡಿ.

ಅವಳು ಎಸೆದದ್ದು ಒಂಬತ್ತನೇ ನಂಬರು. ಮುಂದೆ ನಿಂತು ಗೋಲು ಹೊಡೆಯಬೇಕಾದ, ಎಲ್ಲರೂ ಉದ್ದಗಾಲ ಅನ್ನುತ್ತಿದ್ದ ಹುಡುಗನದು. ಮಾಲಿ ಮೂಸಿ ನೋಡಿದ.

— ಘಮಘಮ ಅಂತಿದೆ. ಸೋಪಿನ ವಾಸನೆ.

— ಅದನ್ನ ಇನ್ನೂ ಒಗೆದಿಲ್ಲ.

ಮಾಲಿ ಇನ್ನೊಮ್ಮೆ ಮೂಸಿದ. ಹುಡುಗ ಅಚ್ಚುಕಟ್ಟು, ಮೈ ಬೆವರುವುದು ಕಮ್ಮಿ ಅಂತ ಏನೋ ಗೊಣಗಿದ. ಪಾಪ, ಉದ್ದಗಾಲನೇ ಹೋದ ತಿಂಗಳು ಬಂದು, ಅಕ್ಕ, ನನ್ನದನ್ನ ವಾರ ಬಿಟ್ಟು ವಾರ ಒಗೆದರೂ ನಡೆಯುತ್ತೆ ಅಂತ ತಲೆ ತಗ್ಗಿಸಿ ಹೇಳಿ ಹೋಗಿದ್ದ. ಚೆಂಡು ಅವನಿದ್ದ ಕಡೆಗೆ ಬಂದರೆ ತಾನೆ ಅವನು ಬೀಳುವುದು.

ಮಾಲಿ ತನ್ನ ಪುರಾವೆ ಮುಂದಿಟ್ಟ. ಹಳೇ ಮ್ಯಾನೇಜರ್ ಕಾಲದಲ್ಲಿ ಆಟ ಮುಗಿದ ಮೇಲೆ ಮೈದಾನ ನೋಡಿದರೆ ನೇಗಿಲು ಹೊಡೆದ ಹಾಗಿರುತ್ತಿತ್ತು. ಈಗ?

— ಈಗ ಬಂದು ನೋಡು. ಯಾರೂ ಆಡೇ ಇಲ್ಲವೇನೋ ಅನ್ನಬೇಕು, ಹಾಗಿರುತ್ತೆ.

— ನಾನೂ ಅದನ್ನೇ ಅಲ್ವಾ ಹೇಳ್ತಿರೋದು?

ಅವನಿಗೆ ಸಿಟ್ಟು ಬಂತು. ಆರು ವರ್ಷದ ಹಿಂದೆ ಕಮಿಟಿಯವರು ಹುಲ್ಲು ಕಿತ್ತು ಪ್ಲಾಸ್ಟಿಕ್ ಹಾಸು ಹಾಸಬೇಕು ಅಂತ ಹೊರಟಾಗ ತಡೆದವರು ಯಾರು ಅಂತ ಕೇಳಿದ. ಮುಂದಿನ ವರ್ಷ ನೋಡೋಣ ಅಂತ ಮ್ಯಾನೇಜರ್ ಒಂದು ಮಾತು ಹೇಳಿದ್ದರು. ಪ್ರತಿ ವರ್ಷವೂ ಅದೇ ಮಾತು ಹೇಳುತ್ತ ಬಂದರು. ಆ ಮಾತಿನ ಮೇಲೆ ಅವನ ಹುಲ್ಲು ಆರು ವರ್ಷ ಬದುಕಿತ್ತು. ಮೇಲಿನ ಡಿವಿಷನ್‌ಗೆ ಹೋದರೆ ಆ ಪ್ಲಾಸ್ಟಿಕ್ ಮತ್ತೆ ಬರುವುದಿಲ್ಲ ಅಂತ ಯಾರು ಬರೆದುಕೊಡುತ್ತಾರೆ?

ಅವಳ ಸಂಕಟ ಬೇರೆ. ಅವಳು ಪಂದ್ಯ ನೋಡಿದ್ದೇ ಕಮ್ಮಿ, ಕೇಳಿದ್ದೇ ಹೆಚ್ಚು. ಸೂರಿನ ಮೇಲೆ ಜನ ಕೂತಿರುತ್ತಾರೆ. ಅವರ ಕಾಲಿನ ಸದ್ದಿನಿಂದಲೇ ಮೇಲೆ ಏನು ನಡೆದಿದೆ ಅಂತ ಗೊತ್ತಾಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೋಲು ಬಿದ್ದರೆ ಮೆಟ್ಟಿಲೆಲ್ಲ ಧಡಧಡ ಅಂದು ಸೂರಿನಿಂದ ಸುಣ್ಣದ ಪುಡಿ ಉದುರಿ ಒಣಗಿದ ಬಟ್ಟೆಯ ಮೇಲೆಲ್ಲ ಬೀಳುತ್ತಿತ್ತು. ಅವಳು ಬೈದುಕೊಂಡು ಎರಡನೇ ಸಲ ಒಗೆಯುತ್ತಿದ್ದಳು. ಈಗ ಮೇಲಿಂದ ಕೇಳುವುದು ಯಾರೋ ಕಾಲು ಚಾಚಿದ್ದು, ಯಾರೋ ಆಕಳಿಸಿ ಎದ್ದು ಹೋದದ್ದು. ಎರಡನೇ ಸಲ ಒಗೆಯುವ ಭಾಗ್ಯ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ಅದನ್ನು ಗಂಡನಿಗೆ ಹೇಳಿದರೆ ನಗುತ್ತಾನೆ ಅಂತ ಸಿಟ್ಟನ್ನೆಲ್ಲ ಒಂದೇ ಮಾತಿಗೆ ಸುರಿದಳು.

— ಹನ್ನೊಂದು ವರ್ಷ ಆಯ್ತು ರೀ. ಇನ್ನೆಷ್ಟು ದಿನ ಅಂತ ಇಟ್ಕೊಂಡಿರೋದು? ತೆಗೆದು ಹಾಕಿ ಬೇರೆ ತರಲಿ.

— ಏನನ್ನ ಅಕ್ಕ?

ಮಾಲಿಯ ಹೆಗಲ ಹಿಂದೆ ಮ್ಯಾನೇಜರ್ ನಿಂತಿದ್ದರು. ಒಗೆಯಲು ಕೊಡುವ ಬಟ್ಟೆಯ ಗಂಟು ಒಂದು ಕೈಯಲ್ಲಿ, ಕೊಡೆ ಇನ್ನೊಂದು ಕೈಯಲ್ಲಿ. ಹೊರಗೆ ಸುಡುಬಿಸಿಲು. ಎರಡೂ ಮಣಿಕಟ್ಟಿಗೆ ಒಂದೊಂದು ಗಡಿಯಾರ ಕಟ್ಟುತ್ತಿದ್ದ ಮನುಷ್ಯ ಅವರು, ಒಂದು ನಿಂತರೆ ಇನ್ನೊಂದು ಇರಲಿ ಅಂತ. ಬೂಟು ಕಳಚಿ, ಕಾಲು ಒರೆಸಿ, ಒಳಗೆ ಬಂದರು.

— ಮೆಷಿನ್ ಸಾರ್, ಅಂದಳು ಅವಳು.

— ಯಾವ ಮೆಷಿನ್? ಅಂದ ಗಂಡ.

— ಒಗೆಯೋ ಮೆಷಿನ್ ರೀ. ಈಗ ಅದರದೇ ಅಲ್ವಾ ಮಾತು.

— ಅದು ಚೆನ್ನಾಗೇ ಇದೆಯಲ್ಲ, ಅಂದವನು ಅವಳ ಕಣ್ಣು ನೋಡಿ ಗಾಬರಿಯಾದ. ಹೌದು ಸಾರ್, ಮೆಷಿನ್. ಇವಳು ಏನೇ ಹೇಳಲಿ, ಮೆಷಿನ್ ತುಂಬಾ ಒಳ್ಳೇ ಮನುಷ್ಯ.

ಮ್ಯಾನೇಜರ್ ಗಂಟನ್ನು ಕೆಳಗಿಟ್ಟು, ಮೆಷಿನ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ಕಿವಿಗೊಟ್ಟರು.

— ಸೋರುತ್ತಾ?

— ಇಲ್ಲ ಸಾರ್. ಸೋರುತ್ತೆ ಅಂತ ಮಾತ್ರ ಹೇಳೋ ಹಾಗಿಲ್ಲ.

— ಮಧ್ಯದಲ್ಲಿ ನಿಲ್ಲುತ್ತಾ?

— ನಿಲ್ಲೋದೂ ಇಲ್ಲ.

— ಬಟ್ಟೆ ಹರಿಯುತ್ತಾ?

— ಒಂದು ಗುಂಡಿ ಕಿತ್ತಿಲ್ಲ ಸಾರ್ ಇಷ್ಟು ವರ್ಷದಲ್ಲಿ.

— ಮತ್ತೆ ಅದು ಮಾಡಿದ ತಪ್ಪೇನು?

ಅಲ್ಲಿಗೆ ಸುಮ್ಮನಾಗಬಹುದಿತ್ತು. ಗಂಡ ಹಿಂದಿನಿಂದ ಸುಮ್ಮನಿರು ಅಂತ ಕೈ ಆಡಿಸಿದ. ಕೈ ಆಡಿಸಿದ್ದೇ ಅವಳಿಗೆ ಇನ್ನಷ್ಟು ಹುರುಪು ಕೊಟ್ಟಿತು.

— ಅದರಲ್ಲಿ ಐದು ವೇಗ ಇದೆ ಸಾರ್. ಹನ್ನೊಂದು ವರ್ಷದಿಂದ ಒಂದನೇ ವೇಗದಲ್ಲೇ ತಿರುಗ್ತಿದೆ.

— ನಿಧಾನ ತಿರುಗಿದ್ದಕ್ಕೇ ಬಟ್ಟೆ ಹರಿದಿಲ್ಲ.

— ಬಟ್ಟೆ ಹರೀಬಾರದು ಅನ್ನೋದೇ ಮುಖ್ಯ ಆದರೆ ಒಗೆಯೋದು ಯಾಕೆ ಸಾರ್? ಮಡಿಸಿ ಕಪಾಟಿನಲ್ಲಿ ಇಟ್ಟುಬಿಡಬಹುದು.

ಮ್ಯಾನೇಜರ್ ಬೋರಲು ಹಾಕಿದ ಒಂದು ಬಕೆಟ್ಟನ್ನು ಅಲ್ಲಾಡಿಸಿ, ಗಟ್ಟಿಯಾಗಿದೆ ಅಂತ ಖಾತ್ರಿ ಮಾಡಿಕೊಂಡು, ಅದರ ಮೇಲೆ ಕೂತರು. ಐದನೇ ವೇಗ ನಾನೂ ನೋಡಿದ್ದೀನಿ ಅಂತ ಶುರುಮಾಡಿದರು. ಬಂದ ಮೊದಲನೇ ವರ್ಷ ಅವರಿಗೆ ಭಾರಿ ಉತ್ಸಾಹವಿತ್ತಂತೆ. ಎಲ್ಲರನ್ನೂ ಮುಂದೆ ಓಡಿಸಿದರು. ಮೊದಲ ಪಂದ್ಯ ಏಳು ಗೋಲಿನಿಂದ ಸೋತರು, ಎರಡನೆಯದು ಆರರಿಂದ. ಊರಿನಲ್ಲಿ ಕ್ಷೌರದಂಗಡಿಯವನೂ ಅವರ ತಲೆ ಮುಟ್ಟಲು ಯೋಚನೆ ಮಾಡಿದ. ಕ್ಲಬ್ಬು ಕೆಳಗಿನ ಡಿವಿಷನ್‌ಗೆ ಜಾರುವುದರಲ್ಲಿತ್ತು. ಕೊನೆಯ ಪಂದ್ಯದಲ್ಲಿ ಹನ್ನೊಂದು ಜನವನ್ನೂ ಗೋಲಿನ ಮುಂದೆ ಗೋಡೆ ಕಟ್ಟಿದ ಹಾಗೆ ನಿಲ್ಲಿಸಿದರು. ಸೊನ್ನೆ–ಸೊನ್ನೆ. ಕ್ಲಬ್ಬು ಉಳಿಯಿತು.

— ಅವತ್ತು ಜನ ನನ್ನ ಹೆಗಲ ಮೇಲೆ ಹೊತ್ತು ಕುಣಿದರು ಅಕ್ಕ. ಸೊನ್ನೆ–ಸೊನ್ನೆಗೆ. ಇವರಿಗೆ ಇದೇ ಇಷ್ಟ ಅಂದುಕೊಂಡೆ.

ಹೊತ್ತವರಲ್ಲಿ ಅವಳ ಗಂಡನೂ ಒಬ್ಬ. ಎಡಗಾಲಿನ ಕಡೆ ಅವನೇ ಹಿಡಿದಿದ್ದ. ಮೆಷಿನ್ ವಿಷಯ ಎಲ್ಲಿಗೆ ಹೋಯಿತು ಅಂತ ಮೂವರಲ್ಲಿ ಯಾರೂ ಕೇಳಲಿಲ್ಲ.

ಮ್ಯಾನೇಜರ್ ಎದ್ದರು. ಬಾಗಿಲ ಬಳಿ ಬೂಟಿನ ದಾರ ಕಟ್ಟಿ, ಬಿಚ್ಚಿ, ಇನ್ನೊಮ್ಮೆ ಬಿಗಿಯಾಗಿ ಕಟ್ಟುತ್ತ ಹೇಳಿದರು:

— ಆ ಕಾಲುಚೀಲದ ಕೆಳಗಿನ ಕಾಗದದಲ್ಲಿ ನನ್ನ ಹೆಸರಿಗೆ ಒಂದು ದೀರ್ಘ ಬಿಟ್ಟಿದ್ದಾರೆ. ಅದರ ಇನ್ನೊಂದು ಪ್ರತಿ ನನ್ನ ಬಾಗಿಲಿಗೂ ಅಂಟಿಸಿದ್ರು, ಎರಡು ಸಲ ಓದಿದೆ. ತಿದ್ದಿಸಿ ಅಕ್ಕ. ಅಧ್ಯಕ್ಷರ ಮುಂದೆ ಹೋಗೋ ಕಾಗದ, ತಪ್ಪಿರಬಾರದು.

ಅವಳ ಮುಖ ಕೆಂಪಾಯಿತು. ನಾನು ಸಹಿ ಹಾಕಿಲ್ಲ ಸಾರ್ ಅಂದಳು. ಪೆನ್ನು ತೆಗೆದಿದ್ದು ನಿಜ, ಅಷ್ಟರಲ್ಲಿ ಇವರು ಜಗಳಕ್ಕೆ ಬಂದರು ಅಂತ ಇದ್ದದ್ದನ್ನು ಇದ್ದ ಹಾಗೇ ಒಪ್ಪಿಸಿದಳು. ಮ್ಯಾನೇಜರ್ ತಲೆಯಾಡಿಸಿ, ನನ್ನ ಜಾಗದಲ್ಲಿ ನೀವಿದ್ದರೆ ಶನಿವಾರ ಏನು ಮಾಡ್ತಿದ್ದಿರಿ ಅಂತ ಕೇಳಿದರು. ಹತ್ತೊಂಬತ್ತು ವರ್ಷದಲ್ಲಿ ಅವಳನ್ನು ಯಾರೂ ಕೇಳಿರದ ಪ್ರಶ್ನೆ ಅದು.

— ಒಂದೇ ಒಂದು ಸಲ ಎಲ್ಲರನ್ನೂ ಮುಂದೆ ಕಳಿಸಿ ನೋಡ್ತಿದ್ದೆ ಸಾರ್. ಆಗಿದ್ದು ಆಗಲಿ ಅಂತ.

— ಯೋಚನೆ ಮಾಡ್ತೀನಿ, ಅಂದು ಕೊಡೆ ಬಿಚ್ಚಿಕೊಂಡು ಹೋದರು.

ಯೋಚನೆ ಮಾಡ್ತೀನಿ ಅಂದರೆ ಇಲ್ಲ ಅಂತಲೇ ಅರ್ಥ ಅಂತ ಮಾಲಿ ಸಮಾಧಾನ ಪಟ್ಟುಕೊಂಡ. ಮೂಲೆಯ ಬಾವುಟ ಬದಲಾಯಿಸುವ ವಿಷಯವನ್ನು ಅವರು ನಾಲ್ಕು ವರ್ಷದಿಂದ ಯೋಚನೆ ಮಾಡುತ್ತಿದ್ದರು.

ಶನಿವಾರ ಬಂತು. ಪಂದ್ಯದ ಹೊತ್ತಿಗೆ ಅವಳು ಎಂದಿನಂತೆ ಸೂರಿನ ಕೆಳಗೆ ಬಟ್ಟೆ ಮಡಿಸುತ್ತಿದ್ದಳು. ಮೊದಲ ಹತ್ತು ನಿಮಿಷದಲ್ಲೇ ಮೇಲಿನ ಸದ್ದು ಯಾಕೋ ಬೇರೆ ಅನ್ನಿಸಿತು. ಕಾಲು ಚಾಚುವ ಸದ್ದಿಲ್ಲ. ಎಲ್ಲರೂ ಕೂತಲ್ಲೇ ಹಿಮ್ಮಡಿ ಕುಣಿಸುತ್ತಿದ್ದರು. ವಿರಾಮ ಕಳೆದು ಸ್ವಲ್ಪ ಹೊತ್ತಿಗೆ ಒಂದು ಕ್ಷಣ ಪೂರ್ತಿ ನಿಶ್ಶಬ್ದ. ಆಮೇಲೆ ಸೂರೇ ಕಳಚಿ ಬಿತ್ತೇನೋ ಅನ್ನುವಂಥ ಧಡಧಡ. ಬಿಳಿ ಪುಡಿ ಉದುರಿ ಅವಳ ತಲೆ, ಹೆಗಲು, ಮಡಿಸಿಟ್ಟ ಮೂವತ್ತು ಟವೆಲ್, ಎಲ್ಲದರ ಮೇಲೂ ಬಿತ್ತು. ಅವಳು ಬೈಯಲಿಲ್ಲ. ಇದ್ದ ಹಾಗೇ ಹೊರಗೆ ಓಡಿದಳು.

ಮೈದಾನದ ಅಂಚಿನಲ್ಲಿ ಅವಳು ಕಂಡದ್ದು ನಂಬುವಂಥದ್ದಲ್ಲ. ಉದ್ದಗಾಲನಿಗೆ ತಲೆಯಿಂದ ಕಾಲಿನವರೆಗೆ ಕೆಸರು. ಅವನ ಜೊತೆ ಮುಂದೆ ಇನ್ನೂ ಮೂವರು. ಹಿಂದೆ ಗೋಲ್‌ಕೀಪರ್ ಒಂಟಿಯಾಗಿ ನಿಂತು, ಯಾರಾದರೂ ಜೊತೆಗೆ ಬರುತ್ತಾರೇನೋ ಅಂತ ಅತ್ತಿತ್ತ ನೋಡುತ್ತಿದ್ದ. ಫಲಕದ ಮೇಲೆ ಒಂದು–ಸೊನ್ನೆ. ಅವಳ ಗಂಡ ಗುದ್ದಲಿ ಎತ್ತಿ ಹಿಡಿದು, ತನ್ನದೇ ಹುಲ್ಲನ್ನು ತುಳಿಯುತ್ತ ಕುಣಿಯುತ್ತಿದ್ದ.

— ಮುಂದೆ ಹೋಗ್ರೋ, ಇನ್ನೂ ಮುಂದೆ ಹೋಗ್ರೋ.

— ರೀ, ನಿಮ್ಮ ಹುಲ್ಲು.

— ಹುಲ್ಲು ಮತ್ತೆ ಬೆಳೆಯುತ್ತೆ ಕಣೇ.

ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಹದಿನೈದು ಅಡಿ ದೂರದಲ್ಲಿ ಮೇಲಿನ ಡಿವಿಷನ್ ನಿಂತಿದ್ದ ಹಾಗೆ ಅವಳಿಗೆ ಕಂಡಿತು. ಆ ಕ್ಷಣದಲ್ಲೇ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಎದುರಿನವರಿಗೆ ಚೆಂಡು ಸಿಕ್ಕಾಗಲೆಲ್ಲ ಉಸಿರು ನಿಲ್ಲುತ್ತಿತ್ತು. ಇಷ್ಟು ಸಿಕ್ಕಿದೆಯಲ್ಲ, ಇದನ್ನು ಕಾಪಾಡಿಕೊಂಡರೆ ಸಾಕಲ್ಲ, ಆ ನಾಲ್ಕು ಜನ ಮುಂದೆ ಏನು ಮಾಡುತ್ತಿದ್ದಾರೆ ಅಂತ ಗಂಡನನ್ನು ಕೇಳಿದಳು. ಅವನು ಅವಳನ್ನು ಅಪರಿಚಿತಳ ಹಾಗೆ ನೋಡಿ, ಇನ್ನೊಂದು ಗೋಲು ಹೊಡೆದು ಮುಗಿಸಬೇಕು, ನಿನಗೆ ಆಟ ಅರ್ಥವಾಗಲ್ಲ ಅಂದ. ಗೋಲ್‌ಕೀಪರ್ ಒಬ್ಬನೇ ಇದ್ದಾನೆ ಅಂತ ಅವಳು, ಒಬ್ಬನೇ ಸಾಕು ಅಂತ ಅವನು. ಗುರುವಾರದ ಜಗಳವೇ, ಬಾಯಿ ಮಾತ್ರ ಅದಲುಬದಲು.

ಕೊನೆಗೆ ಅವಳು ತಡೆಯಲಾರದೆ ಸೀದಾ ಮ್ಯಾನೇಜರ್ ಕೂತ ಬೆಂಚಿಗೆ ಹೋದಳು. ಅವರು ಎರಡೂ ಕೈಯಿಂದ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಹಣೆಯ ಬೆವರನ್ನು ಒರೆಸಿಕೊಳ್ಳಲೂ ಕೈ ಬಿಟ್ಟಿರಲಿಲ್ಲ.

— ಸಾರ್, ಎಲ್ಲರನ್ನೂ ಹಿಂದೆ ಕರೀರಿ. ನಿಮ್ಮ ಕಾಲಿಗೆ ಬೀಳ್ತೀನಿ.

— ಹೊಟ್ಟೆ ಹಿಂಡ್ತಿದೆಯಾ ಅಕ್ಕ?

— ಹೌದು ಸಾರ್.

— ಉಸಿರು ಅರ್ಧಕ್ಕೆ ನಿಲ್ಲುತ್ತಾ?

— ಹೌದು ಸಾರ್.

— ನನಗೆ ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಹೀಗೇ. ಬನ್ನಿ, ಕೂತ್ಕೊಳ್ಳಿ. ಆ ಕಡೆ ತುದಿ ಖಾಲಿ ಇದೆ, ಗಟ್ಟಿಯಾಗಿ ಹಿಡ್ಕೊಳ್ಳಿ.

ಅವಳು ಕೂತು ಹಿಡಿದುಕೊಂಡಳು. ಇಬ್ಬರೂ ಜಾತ್ರೆಯ ತೊಟ್ಟಿಲಲ್ಲಿ ಕೂತವರ ಹಾಗೆ ಕಾಣುತ್ತಿದ್ದರು. ಮುಗಿಯಲು ಆರು ನಿಮಿಷವಿದ್ದಾಗ ಅವಳು ಹೆದರಿದ್ದೇ ಆಯಿತು. ಎದುರಿನವರು ಒಂದೇ ಓಟದಲ್ಲಿ ಬಂದು ಗೋಲು ಹೊಡೆದರು. ಒಂದು–ಒಂದು. ಮೆಟ್ಟಿಲುಗಳ ಮೇಲೆ ಎಲ್ಲರೂ ಒಟ್ಟಿಗೆ ಕೂತರು.

ಡ್ರಾ. ಮ್ಯಾನೇಜರಿಗೆ ಕಣ್ಣು ಮುಚ್ಚಿಕೊಂಡೂ ಗೊತ್ತಿದ್ದ ದಾರಿ. ಹೀಗೇ ಉಳಿದರೆ ಹನ್ನೊಂದನೇ ಪ್ರಶಸ್ತಿಪತ್ರ, ಅದೇ ಗೋಡೆ, ಅದೇ ಮೊಳೆ. ಅವರು ಎದ್ದು ನಿಂತಾಗ, ಹಿಂದೆ ಬನ್ನಿ ಅಂತ ಕೈ ಮಾಡುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡರು. ಅವರು ಒಂದು ಕೈಯ ಗಡಿಯಾರ ನೋಡಿದರು, ಇನ್ನೊಂದು ಕೈಯದನ್ನೂ ನೋಡಿದರು. ಆಗಲೇ ಇವರಿಗೆ ಕಾರ್ನರ್, ಅಂದರೆ ಮೂಲೆಯಿಂದ ಚೆಂಡು ಒದೆಯುವ ಅವಕಾಶ, ಸಿಕ್ಕಿತು. ಮ್ಯಾನೇಜರ್ ದೂರದ ಗೋಲಿನಲ್ಲಿ ನಿಂತಿದ್ದ ತಮ್ಮ ಗೋಲ್‌ಕೀಪರಿಗೆ, ನೀನೂ ಹೋಗು ಅಂತ ಕೈ ಬೀಸಿದರು.

ಗೋಲ್‌ಕೀಪರಿಗೆ ಅರ್ಥವಾಗಲಿಲ್ಲ. ಅವನು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಬಲೆ ಬಿಟ್ಟರೆ ಯಾರೂ ಇರಲಿಲ್ಲ. ಎದೆ ಮುಟ್ಟಿಕೊಂಡು, ನಾನಾ ಅಂತ ಸನ್ನೆಯಲ್ಲಿ ಕೇಳಿದ. ನೀನೇ ಅಂತ ಇಡೀ ಮೆಟ್ಟಿಲು ಕೂಗಿತು. ಅವನು ಮೈದಾನದ ನಡುಗೆರೆ ದಾಟಿದ್ದು ಅದೇ ಮೊದಲು. ಅಲ್ಲಿ ಹೋಗಿ ಎಲ್ಲಿ ನಿಲ್ಲಬೇಕು ಅಂತ ಎದುರು ತಂಡದವನನ್ನೇ ಕೇಳಿದನಂತೆ. ಅವನು ಉತ್ತರ ಕೊಡುವಷ್ಟರಲ್ಲಿ ಚೆಂಡು ಬಂತು, ಕಂಬಕ್ಕೆ ಬಡಿಯಿತು, ಅಲ್ಲಿಂದ ಹಾರಿ ಗೋಲ್‌ಕೀಪರನ ಹಿಂಬದಿಗೆ ತಗುಲಿ ಮೆತ್ತಗೆ ಒಳಗೆ ಉರುಳಿತು. ಗೋಲು ಹೊಡೆದದ್ದು ತಾನು ಅಂತ ಅವನಿಗೆ ಇನ್ನೊಬ್ಬರು ಹೇಳಿದ ಮೇಲೆಯೇ ತಿಳಿದದ್ದು.

ಸೀಟಿ ಊದಿದಾಗ ಜನ ಮೈದಾನಕ್ಕೆ ನುಗ್ಗಿದರು. ಮ್ಯಾನೇಜರನ್ನು ಎತ್ತಿದವರಲ್ಲಿ ಮುನ್ನೂರು ಸಹಿಯವರು ಬಹಳ ಮಂದಿ ಇದ್ದರು. ಮಾಲಿ ಈ ಸಲ ಬಲಗಾಲು ಹಿಡಿದ. ಮೇಲಿನಿಂದ ಮ್ಯಾನೇಜರ್, ಹುಷಾರು, ಮೆಟ್ಟಿಲಿದೆ, ಹುಷಾರು ಅನ್ನುತ್ತಲೇ ಇದ್ದರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಗದ್ದಲವೆಲ್ಲ ಬೀದಿಗೆ ಹೋಗಿತ್ತು. ಮಾಲಿ ಕಿತ್ತುಹೋದ ಹುಲ್ಲಿನ ಹೆಂಟೆಗಳನ್ನು ಒಂದೊಂದಾಗಿ ಕೂರಿಸುತ್ತ, ಮುಂದಿನ ವರ್ಷ ಮೇಲಿನ ಡಿವಿಷನ್ನನ್ನೂ ಗೆದ್ದೇ ಬಿಡೋಣ, ಗೋಲ್‌ಕೀಪರನ್ನು ಶುರುವಿನಿಂದಲೇ ಮುಂದೆ ಆಡಿಸೋಣ ಅಂತ ಯೋಜನೆ ಹಾಕುತ್ತಿದ್ದ. ಅವಳು ಕೊನೆಯ ಮೆಟ್ಟಿಲಿನಲ್ಲಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ಮ್ಯಾನೇಜರ್ ಬಂದು ಪಕ್ಕದಲ್ಲಿ ಕೂತರು. ಅಧ್ಯಕ್ಷರು ತಮ್ಮನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಿದ್ದಾರೆ ಅಂತ ತಿಳಿಸಿದರು. ಆಮೇಲೆ, ಈಚೆಗೆ ಅಭ್ಯಾಸವಾಗಿಹೋದವರ ಹಾಗೆ ಕೇಳಿದರು:

— ಮೇಲಿನ ಡಿವಿಷನ್‌ನಲ್ಲಿ ಹೇಗೆ ಆಡೋಣ ಅಕ್ಕ?

ಅವಳಿಗೆ ಅಲ್ಲಿನ ದೊಡ್ಡ ದೊಡ್ಡ ತಂಡಗಳು ಕಣ್ಣ ಮುಂದೆ ಬಂದವು. ಅತ್ತ ಗುದ್ದಲಿ ಹಿಡಿದು ಹಾಡಿಕೊಳ್ಳುತ್ತಿದ್ದ ಗಂಡನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

— ಅವರೆಲ್ಲ ದೊಡ್ಡ ಜನ ಸಾರ್. ನಮಗ್ಯಾಕೆ ದುಡುಕು. ಎಲ್ಲರನ್ನೂ ಹಿಂದೆ ನಿಲ್ಲಿಸಿ, ಡ್ರಾ ಮಾಡ್ಕೊಂಡು ಬಂದುಬಿಡಿ.